ಆಯುಧಪೂಜೆಗೆ ನಿಲ್ಲಿಸದ ಸರ್ವರ್

ನಮ್ಮ ಸರ್ವರ್ ಇದ್ದದ್ದು ಬೋಳಾರದ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ. ನಾವು ಬರುವ ಮೊದಲು ಅಲ್ಲಿ ಕುಚ್ಚಲಕ್ಕಿಯ ಮೂಟೆಗಳಿದ್ದವು. ಗೋಡೆಯ ಆಚೆ ಅಡುಗೆಮನೆ. ಮಧ್ಯಾಹ್ನದ ಹೊತ್ತಿಗೆ ಮೀನುಸಾರಿನ ಪರಿಮಳ ಬಾಗಿಲ ಸಂದಿಯಿಂದ ನುಗ್ಗಿ ಬರುತ್ತಿತ್ತು, ಡಿಸ್ಕಿನ ದೋಷ ಹುಡುಕುತ್ತಾ ಕುಳಿತವಳಿಗೆ ಬಾಯಲ್ಲಿ ನೀರೂರುತ್ತಿತ್ತು. ಹೋಟೆಲಿನದ್ದೇ ಲಾಡ್ಜಿನ ಕೋಣೆಯಿಂದ ಬಿಚ್ಚಿ ತಂದ ಹಳೆಯ ಏಸಿಯೊಂದು ಮೇಲೆ ಗೊಣಗುತ್ತಿತ್ತು. ಹೊಳೆ ಹತ್ತಿರ, ಗಾಳಿಯಲ್ಲಿ ಉಪ್ಪು. ಮಳೆಗಾಲದಲ್ಲಿ ತಂತಿಗಳ ತುದಿಗೆ ಹಸಿರು ಕಿಲುಬು ಹಿಡಿಯುತ್ತಿತ್ತು, ಹಲ್ಲಿಗಳು ಬೆಚ್ಚಗಿರಲೆಂದು ಪವರ್ ಸಪ್ಲೈ ಒಳಗೆ ಹೊಕ್ಕು ಸಾಯುತ್ತಿದ್ದವು. ಆದರೂ ದೂರುವಂತಿರಲಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು.

ಸರ್ವರಿನಲ್ಲಿದ್ದದ್ದು ತುಳುವಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ಬದಲಿಸಬಹುದು. ಯಂತ್ರ ತುಳು ಕಲಿಯಬೇಕಾದರೆ ಮೊದಲು ತುಳು ಮಾತಾಡುವವರನ್ನು ಕೇಳಬೇಕು. ಹಾಗಾಗಿ ನಾವು ಜನರ ಸ್ವರಗಳನ್ನು ಧ್ವನಿಮುದ್ರಿಸಿ ಒಟ್ಟುಮಾಡುತ್ತಿದ್ದೆವು. ಯೋಜನೆ ಶುರು ಮಾಡಿದವನು ಕಾಟಿಪಳ್ಳದವನು, ನಮ್ಮ ಸಂಚಾಲಕ. ಅವನ ಗಲ್ಫಿನ ಗೆಳೆಯರು ಸೇರಿ ಯಂತ್ರ ಕೊಡಿಸಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಹಗಲು ನಾನು ಒಂದು ಕಾಲೇಜಿನ ಕಂಪ್ಯೂಟರುಗಳ ಮೇಲ್ವಿಚಾರಕಿ. ಇದು ಸಂಬಳವಿಲ್ಲದ ಉಸಾಬರಿ. ಮನೆ ಜೆಪ್ಪುವಿನಲ್ಲಿ, ಮನೆಮಾತು ಕೊಂಕಣಿ. ತುಳು ಅರ್ಥವಾಗುತ್ತದೆ, ಆಡಲು ಹೋದರೆ ಜನ ನಗುತ್ತಾರೆ.

ಹೆಚ್ಚು ನಗುತ್ತಿದ್ದವರು ಹೋಟೆಲಿನ ಯಜಮಾನರು. ಗದ್ದೆಗಳಿದ್ದ ದೊಡ್ಡ ಮನೆತನದವರು, ಗದ್ದೆ ಹೋದ ಮೇಲೆ ಹೋಟೆಲಿಗೆ ಇಳಿದವರು. ನನ್ನ ತುಳು ಒಂದೇ ಸಲ ಕೇಳಿ, "ಬೇಡ ಮಾರಾಯ್ತಿ, ನಾವು ಕನ್ನಡದಲ್ಲೇ ಮಾತಾಡುವ. ನನಗೆ ಬಿಪಿ ಉಂಟು" ಎಂದಿದ್ದರು. ಸಂಚಾಲಕ ಮತ್ತು ನಾನು ಅವರ ಬಳಿ ದೇಣಿಗೆ ಕೇಳಲು ಹೋದಾಗ ಅವರು ಕೊಟ್ಟದ್ದು ಈ ಕೋಣೆ.

"ದುಡ್ಡು ಕೇಳ್ಬೇಡಿ. ಕೋಣೆ ಉಂಟು, ಕರೆಂಟ್ ಉಂಟು, ಜನರೇಟರ್ ಉಂಟು. ನಿಮ್ಮ ಪೆಟ್ಟಿಗೆ ತಂದು ಇಟ್ಕೊಳ್ಳಿ. ಆದ್ರೆ ಒಂದು ಮಾತು. ಆಯುಧಪೂಜೆಯ ದಿನ ಪೂಜೆ ಆಗುವವರೆಗೆ ಈ ಕಟ್ಟಡದಲ್ಲಿ ಒಂದೇ ಒಂದು ಮಿಷನ್ ತಿರುಗಬಾರದು."

"ಫ್ರೀಜರ್?" ಎಂದು ಕೇಳಿದೆ. ನನಗೆ ಬಾಯಿ ಸುಮ್ಮನಿರುವುದಿಲ್ಲ.

"ಫ್ರೀಜರ್ ಮಿಷನ್ ಅಲ್ಲ, ಕಪಾಟು" ಎಂದರು ಯಜಮಾನರು, ಮುಖದಲ್ಲಿ ನಗೆ ತೋರಿಸದೆ.

ಹೀಗೆ ಪ್ರತಿ ನವರಾತ್ರಿಗೆ ನಮ್ಮ ಸರ್ವರ್ ಹಿಟ್ಟಿನ ಗ್ರೈಂಡರ್, ತೂಕದ ತಕ್ಕಡಿ ಮತ್ತು ಮೀನು ತರುವ ಟೆಂಪೋದ ಜತೆ ಸಾಲಿನಲ್ಲಿ ಕೂರುವಂತಾಯಿತು. ಮೊದಲ ವರ್ಷ ನಾನು ಗೊಣಗಿದೆ. ಆಮೇಲೆ ಅದನ್ನೇ ನನ್ನ ಕೆಲಸಕ್ಕೆ ಬಳಸಿಕೊಂಡೆ. ಹಿಂದಿನ ದಿನವೇ ಜಾಲತಾಣದಲ್ಲಿ ಸೂಚನೆ ಹಾಕುವುದು. ಬೆಳಿಗ್ಗೆ ಸೇವೆಗಳನ್ನು ಒಂದೊಂದಾಗಿ ನಿಲ್ಲಿಸಿ ಯಂತ್ರ ಆರಿಸುವುದು. ಮುಚ್ಚಳ ತೆಗೆದು ಬ್ಲೋವರಿನಿಂದ ಧೂಳು ಊದುವುದು, ಸತ್ತ ಹಲ್ಲಿಗಳನ್ನು ಸಾಗಿಸುವುದು, ಕಿಲುಬು ಒರೆಸುವುದು, ಯುಪಿಎಸ್ ಬ್ಯಾಟರಿಗೆ ನೀರು ತುಂಬುವುದು. ಆಮೇಲೆ ಅರ್ಚಕರು ಬಂದು ಕುಂಕುಮ ಇಟ್ಟು ಸೇವಂತಿಗೆ ಮಾಲೆ ಹಾಕುವರು. ಮುಚ್ಚಳದ ಮೇಲೆ ಮಾತ್ರ ಹೂವು, ಗಾಳಿಯ ತೂತುಗಳೊಳಗೆ ಅಕ್ಷತೆ ಬೀಳಬಾರದು ಎಂದು ನಾನು ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದೆ. ಮಂಗಳಾರತಿ ಮುಗಿದ ಮೇಲೆ ಯಂತ್ರ ಮತ್ತೆ ಚಾಲು. ಆದರೆ ಜನರಿಗೆ ಬಾಗಿಲು ತೆರೆಯುವ ಮೊದಲು ಅಷ್ಟೂ ಧ್ವನಿಮುದ್ರಣಗಳನ್ನು ಒಂದು ದೊಡ್ಡ ಪೋರ್ಟಬಲ್ ಡಿಸ್ಕಿಗೆ ನಕಲು ಮಾಡಿ ಮನೆಗೆ ಒಯ್ದು ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಡುತ್ತಿದ್ದೆ. ಜಾಲತಾಣ ಮತ್ತು ತಂತ್ರಾಂಶದ ನಕಲು ದಿನವೂ ಬೇರೆ ಊರಿನ ಬಾಡಿಗೆ ಯಂತ್ರಕ್ಕೆ ತಾನಾಗಿ ಹೋಗುತ್ತಿತ್ತು. ಮೂಲ ಧ್ವನಿಮುದ್ರಣಗಳು ಮಾತ್ರ ಬಹಳ ಭಾರ. ಹೋಟೆಲಿನ ಇಂಟರ್ನೆಟ್ಟಿನಲ್ಲಿ ಅವನ್ನು ಕಳಿಸುವುದೆಂದರೆ ಸೂಜಿಯ ಕಣ್ಣಲ್ಲಿ ಹಗ್ಗ ಪೋಣಿಸಿದ ಹಾಗೆ.

ಒಂದು ವರ್ಷ ಪೂಜೆ ಮುಗಿಸಿ ಗುಂಡಿ ಒತ್ತಿದಾಗ ನಾಲ್ಕು ಡಿಸ್ಕುಗಳಲ್ಲಿ ಒಂದು ಏಳಲಿಲ್ಲ. ವರ್ಷವಿಡೀ ಓಡುವ ಡಿಸ್ಕು ಮುದಿಯಾದದ್ದು ಓಡುವಾಗ ತಿಳಿಯುವುದಿಲ್ಲ, ನಿಲ್ಲಿಸಿ ಎಬ್ಬಿಸುವಾಗ ತಿಳಿಯುತ್ತದೆ. ನಾಲ್ಕರಲ್ಲಿ ಒಂದು ಹೋದರೆ ಉಳಿದ ಮೂರು ಸೇರಿ ಅದರಲ್ಲಿದ್ದುದನ್ನು ಲೆಕ್ಕ ಹಾಕಿ ಮರಳಿ ಕೊಡುತ್ತವೆ. ಎರಡು ಒಟ್ಟಿಗೆ ಹೋದರೆ ಎಲ್ಲವೂ ಹೋಯಿತು. ಅಂದು ಹೊಸ ಡಿಸ್ಕು ಹಾಕಿದೆ, ಸಂಜೆಯೊಳಗೆ ಎಲ್ಲ ಸರಿಯಾಯಿತು. ಯಜಮಾನರು ಬಾಗಿಲಲ್ಲಿ ನಿಂತು, "ನೋಡಿದೆಯಾ? ಅದಕ್ಕೂ ರೆಸ್ಟ್ ಬೇಕಿತ್ತು" ಎಂದರು. ರೆಸ್ಟ್ ಅಲ್ಲ ಅಂಕಲ್, ಪರೀಕ್ಷೆ ಎಂದು ನಾನು ವಿವರಿಸಿದೆ. ಅವರು ಅರ್ಧ ಕೇಳಿ ಗಲ್ಲಾದ ಕಡೆಗೆ ಹೋದರು.

ಆಮೇಲೆ ನಮಗೆ ಅನುದಾನ ಸಿಕ್ಕಿತು. ದೂರದ ಊರಿನ ಒಂದು ಪ್ರತಿಷ್ಠಾನ ಎರಡು ಕಂತುಗಳಲ್ಲಿ ಕೊಡಲು ಒಪ್ಪಿತು. ಒಳ್ಳೆಯ ಮೈಕು, ಹೊಸ ಯುಪಿಎಸ್, ಲಾಡ್ಜಿನ ಮೇಲ್ಮಹಡಿಯಲ್ಲಿ ಧ್ವನಿಮುದ್ರಣಕ್ಕೆ ಒಂದು ಕೋಣೆ, ಎಲ್ಲ ಆಯಿತು. ಕಿಟಕಿಗೆ ಹಾಸಿಗೆ ಅಡ್ಡ ಇಟ್ಟು, ಬಾಗಿಲಿಗೆ ಗಾಜು ಕೂರಿಸಿದೆವು. ಪ್ರತಿಷ್ಠಾನದ ಷರತ್ತು ಇಷ್ಟೇ: ಸರ್ವರ್ ಸದಾ ನಡೆಯುತ್ತಿರಬೇಕು, ನಡೆದುದರ ರೇಖಾಚಿತ್ರ ತಿಂಗಳು ತಿಂಗಳು ಕಳಿಸಬೇಕು. ಎಲ್ಲಿ ಗೆರೆ ತಗ್ಗಿದರೂ ಕಾರಣ ಬರೆಯಬೇಕು.

ನವರಾತ್ರಿ ಹತ್ತಿರ ಬಂದಾಗ ಸಂಚಾಲಕ ಮುಖ ಸಣ್ಣ ಮಾಡಿಕೊಂಡು ಬಂದ.

"ಈ ಸಲ ಆಫ್ ಮಾಡುವುದು ಬೇಡ."

"ಯಾಕೆ?"

"ಕಾರಣದ ಜಾಗದಲ್ಲಿ ಆಯುಧಪೂಜೆ ಅಂತ ಬರಿಲಿಕ್ಕೆ ಆಗ್ತದಾ? ನಗ್ತಾರೆ ಮಾರಾಯ್ತಿ."

"ವಾರ್ಷಿಕ ರಿಪೇರಿ ಅಂತ ಬರಿ."

"ಅದಕ್ಕೂ ಗೆರೆ ಇಳಿತದೆ. ಎರಡನೇ ಕಂತು ಬರ್ಲಿ, ಮತ್ತೆ ಎಷ್ಟು ಬೇಕಾದ್ರೂ ಪೂಜೆ ಮಾಡುವ."

ನಾನು ಯೋಚಿಸಿದೆ. ನಕಲು ಮಾಡಲು ಯಂತ್ರ ನಿಲ್ಲಿಸಲೇಬೇಕೆಂದಿಲ್ಲ, ನಡೆಯುತ್ತಿರುವಾಗಲೂ ಮಾಡಬಹುದು. ಧೂಳನ್ನು ಹೊರಗಿನಿಂದ ಒರೆಸಬಹುದು. ತಾಂತ್ರಿಕವಾಗಿ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಒಪ್ಪಿದೆ. ಯಜಮಾನರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅವರು ಬಾಳೆಎಲೆಯ ಕಟ್ಟು ಎಣಿಸಿಕೊಳ್ಳುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು. "ನಿಲ್ಲಿಸುವ ಹಾಗಿಲ್ಲವಾ? ದುಡ್ಡು ಕೊಡುವವರು ಹೇಳಿದ ಮೇಲೆ ಮುಗೀತು. ಹೂ ಹಾಕ್ಲಿಕ್ಕಾದ್ರೂ ಬಿಡ್ತಾರಾ?" ಎಂದರು. ಆ ವರ್ಷ ಮಾಲೆಯನ್ನು ಕೋಣೆಯ ಬಾಗಿಲ ಹಿಡಿಗೆ ಕಟ್ಟಿದರು. ಒಳಗೆ ಯಂತ್ರ ಓಡುತ್ತಲೇ ಇತ್ತು. ಎರಡನೇ ಕಂತು ಇನ್ನೂ ಬಂದಿರಲಿಲ್ಲ, ಮರುವರ್ಷವೂ ಹಾಗೆಯೇ ಆಯಿತು.

ಪೋರ್ಟಬಲ್ ಡಿಸ್ಕು ಜೆಪ್ಪುವಿನ ಕಪಾಟಿನಲ್ಲಿ ಸೀರೆಗಳ ಕೆಳಗೇ ಉಳಿಯಿತು. ಮೊದಲು ಆ ಕೆಲಸಕ್ಕೊಂದು ದಿನ ಗೊತ್ತಿತ್ತು, ದೇವರೇ ಗೊತ್ತುಮಾಡಿದ ದಿನ. ಈಗ ಅದು ಯಾವಾಗ ಬೇಕಾದರೂ ಮಾಡಬಹುದಾದ ಕೆಲಸವಾಗಿಬಿಟ್ಟಿತು. ಮುಂದಿನ ವಾರ ಎನ್ನುತ್ತಿದ್ದೆ. ಕಾಲೇಜಿನಲ್ಲಿ ಪರೀಕ್ಷೆ ಬರುತ್ತಿತ್ತು, ಪರೀಕ್ಷೆ ಮುಗಿದರೆ ಪ್ರವೇಶಾತಿ ಬರುತ್ತಿತ್ತು.

ಆ ಎರಡು ವರ್ಷ ಧ್ವನಿಮುದ್ರಣ ಮಾತ್ರ ಭರದಿಂದ ನಡೆಯಿತು. ಎಲ್ಲಕ್ಕಿಂತ ದೊಡ್ಡ ಗೆಲುವೆಂದರೆ ಯಜಮಾನರು ಒಪ್ಪಿದ್ದು. ಅಲ್ಲಿಯವರೆಗೆ "ನನ್ನ ಸ್ವರ ಎಂತಕ್ಕೆ? ಹೋಟೆಲಿನಲ್ಲಿ ಕಿರುಚಿ ಕಿರುಚಿ ಒಡೆದ ಮಡಕೆಯ ಹಾಗೆ ಆಗಿದೆ" ಎಂದು ಜಾರಿಕೊಳ್ಳುತ್ತಿದ್ದವರು ಒಂದು ದಿನ ತಾವಾಗಿಯೇ ಮೆಟ್ಟಿಲು ಹತ್ತಿ ಬಂದರು. ಊಟದ ಗದ್ದಲ ಮುಗಿದ ಮೇಲೆ ಬರುವರು, ಮೈಕಿನ ಎದುರು ಅಂಗಿಯ ಗುಂಡಿ ಸರಿಮಾಡಿಕೊಂಡು ಕೂರುವರು. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಗದ್ದೆಗಳ ವ್ಯತ್ಯಾಸ ಹೇಳಿದರು. ತಮ್ಮ ಮನೆಯ ಒಂದೊಂದು ಗದ್ದೆಗೂ ಇದ್ದ ಹೆಸರು ಹೇಳಿದರು. ಬೈಹುಲ್ಲಿನಲ್ಲಿ ಅಕ್ಕಿಯ ಮುಡಿ ಕಟ್ಟುವ ಕ್ರಮವನ್ನು ಹೇಳುವಾಗ ಎರಡೂ ಕೈಯಲ್ಲಿ ಗಾಳಿಯನ್ನೇ ಸುತ್ತಿ ಬಿಗಿದು ತೋರಿಸಿದರು. ಮೈಕಿಗೆ ಕೈ ಕಾಣುವುದಿಲ್ಲವೆಂದರೂ ಬಿಡಲಿಲ್ಲ. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಗಾಜಿನ ಈಚೆ ಹೆಡ್‌ಫೋನು ಹಾಕಿ ಕೂತವಳಿಗೆ ಕಾಲೇಜಿಗೆ ವಾಪಸು ಹೋಗಲು ಮನಸ್ಸಾಗುತ್ತಿರಲಿಲ್ಲ.

ಅವರದ್ದೊಂದು ಅಭ್ಯಾಸ ನನ್ನ ತಾಳ್ಮೆ ಪರೀಕ್ಷಿಸುತ್ತಿತ್ತು. ಪ್ರತಿ ತುಣುಕಿನ ಮೊದಲು, ಕೆಂಪು ದೀಪ ಹತ್ತಿದ ಕೂಡಲೇ, "ಕೇನುಂಡಾ? ಸುರು ಮಲ್ಪೊಡಾ?" ಎಂದು ಕೇಳುವರು. ಕೇಳಿಸುತ್ತದಾ, ಶುರು ಮಾಡಬೇಕಾ ಎಂದು. ನಾನು ಗಾಜಿನ ಈಚೆಯಿಂದ ಹೆಬ್ಬೆರಳೆತ್ತಿ ತೋರಿಸಿದ ಮೇಲೆಯೇ, ಗಂಟಲು ಸರಿಪಡಿಸಿಕೊಂಡು, ಮಾತು.

"ಅಂಕಲ್, ದೀಪ ಹತ್ತಿದ್ರೆ ಆಯ್ತು. ಕೇಳುವುದು ಬೇಡ, ಸೀದಾ ಶುರು ಮಾಡಿ."

"ಹಾಗೆ ಆಗುವುದಿಲ್ಲ. ಕೇಳುವವರನ್ನು ಒಂದು ಮಾತು ಕೇಳದೆ ಬಾಯಿ ಬಿಡುವುದು ಎಂತ ಮರ್ಯಾದೆ?"

ಮೇ ಕೊನೆಯ ಒಂದು ಮಧ್ಯಾಹ್ನ ಗುಡುಗು ಸಿಡಿಲಿನ ಮಳೆಗೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಹೋಟೆಲಿನ ಜನರೇಟರ್ ಎದ್ದಿತು, ಅಡುಗೆಮನೆಗೆ ಬೆಳಕು ಬಂತು, ನಮ್ಮ ಕೋಣೆಗೆ ಬರಲಿಲ್ಲ. ಲೈನು ಬದಲಿಸುವ ಸ್ವಿಚ್ಚಿನಲ್ಲಿ ನಮ್ಮ ಕೋಣೆಯದ್ದು ಕರಕಲಾಗಿತ್ತು. ನಾನು ಕಾಲೇಜಿನಿಂದ ನೆನೆದುಕೊಂಡು ತಲುಪುವಷ್ಟರಲ್ಲಿ ಯುಪಿಎಸ್ ಬರಿದಾಗಿ, ನಾನು ಕಲಿಸಿದ್ದಂತೆಯೇ ಸರ್ವರ್ ಶಿಸ್ತಾಗಿ ತನ್ನನ್ನು ತಾನು ಮುಚ್ಚಿಕೊಂಡಿತ್ತು. ಅಷ್ಟರವರೆಗೆ ಹೆದರುವುದೇನಿರಲಿಲ್ಲ. ಮರುದಿನ ಕರೆಂಟು ಬಂದ ಮೇಲೆ ಗುಂಡಿ ಒತ್ತಿದೆ.

ಫ್ಯಾನು ತಿರುಗಿತು. ಡಿಸ್ಕುಗಳು ಏಳುವ ಸದ್ದಿಗೆ ನನ್ನ ಕಿವಿ ಪಳಗಿದೆ, ಒಂದರ ಹಿಂದೆ ಒಂದು ಸಣ್ಣಗೆ ಏರುವ ಗುಂಯ್ ಸದ್ದು. ಒಂದು ಎದ್ದಿತು. ಇನ್ನೊಂದು ಎದ್ದಿತು. ಮೂರನೆಯದು ಟಿಕ್ ಎಂದು ನಿಂತಿತು. ನಾಲ್ಕನೆಯದು ಸದ್ದೇ ಮಾಡಲಿಲ್ಲ. ಆರಿಸಿದೆ. ತಂತಿ ಬದಲಿಸಿದೆ, ಬೇರೆ ಪವರ್ ಸಪ್ಲೈಗೆ ಹಚ್ಚಿದೆ, ಅದೇ ಟಿಕ್. ಸಂಚಾಲಕ ಬೆನ್ನ ಹಿಂದೆ ನಿಂತು "ಇನ್ನೊಮ್ಮೆ ಆನ್ ಮಾಡಿ ನೋಡು" ಎಂದ. ಬೇಡ ಎಂದೆ. ಡಿಸ್ಕಿನೊಳಗೆ ಓದುವ ಮುಳ್ಳು ತಿರುಗುವ ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸಲ ಎಬ್ಬಿಸಿದಾಗಲೂ ಇನ್ನಷ್ಟು ಕೆರೆದುಹೋಗುತ್ತದೆ. ನಾಲ್ಕನ್ನೂ ಬಿಚ್ಚಿ, ಯಾವುದು ಯಾವ ಜಾಗದ್ದು ಎಂದು ಮೇಲೆ ಬರೆದು, ಸ್ಪಂಜಿನಲ್ಲಿ ಸುತ್ತಿ, ಡಿಸ್ಕಿನಿಂದ ಮಾಹಿತಿ ಹೊರತೆಗೆಯುವ ಪರವೂರಿನ ತಜ್ಞರಿಗೆ ಕಳಿಸಿದೆ.

ಅವರ ಉತ್ತರ ಬರುವಾಗ ಮಳೆಗಾಲ ಜೋರಾಗಿತ್ತು. ಒಂದರ ತಟ್ಟೆ ಸುತ್ತಲೂ ಕೆರೆದುಹೋಗಿದೆ. ಇನ್ನೊಂದರಿಂದ ಸಿಕ್ಕಿದ್ದು ಚೂರುಪಾರು, ಜೋಡಿಸಲು ಬರುವುದಿಲ್ಲ. ಕಪಾಟಿನ ಪೋರ್ಟಬಲ್ ಡಿಸ್ಕಿನಿಂದ ಹಳೆಯದೆಲ್ಲ ಮರಳಿ ಬಂತು. ನಾವು ಕೊನೆಯ ಸಲ ನಿಲ್ಲಿಸಿದ ಆಯುಧಪೂಜೆಯವರೆಗಿನದು ಎಲ್ಲ ಉಂಟು. ಆಮೇಲಿನದು ಒಂದೂ ಇಲ್ಲ. ಆ ಎರಡು ವರ್ಷಗಳಲ್ಲಿ ಒಮ್ಮೆ ಪೂಜೆಗೆ ನಿಲ್ಲಿಸಿದ್ದರೂ ಒಂದು ಡಿಸ್ಕು ಅಲ್ಲೇ ಮುಷ್ಕರ ಹೂಡುತ್ತಿತ್ತು, ನಾನು ಬದಲಿಸುತ್ತಿದ್ದೆ, ನಕಲು ತೆಗೆಯುತ್ತಿದ್ದೆ. ಈ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತೇನೆ. ಈಗಲೂ.

ಯಜಮಾನರಿಗೆ ನಾನೇ ಹೋಗಿ ಹೇಳಿದೆ. ಅವರು ಮೊದಲು ನನಗೊಂದು ಚಹಾ ತರಿಸಿದರು.

"ಹೋದ್ರೆ ಹೋಯ್ತು ಮಾರಾಯ್ತಿ. ಸ್ವರ ಹೋದದ್ದು ನಿನ್ನ ಪೆಟ್ಟಿಗೆಯದ್ದು, ನನ್ನದಲ್ಲವಲ್ಲ? ನಾನಿದ್ದೇನೆ. ಇನ್ನೊಮ್ಮೆ ಹೇಳ್ತೇನೆ. ಮುಡಿ ಕಟ್ಟುವುದು ಈ ಸಲ ಇನ್ನೂ ಚೆಂದ ಹೇಳ್ತೇನೆ ನೋಡು."

ಅವರ ಮಾತನ್ನು ಅಲ್ಲೇ ಹಿಡಿದುಕೊಂಡಿದ್ದರೆ ನಾನಿದನ್ನು ಬರೆಯಬೇಕಾಗಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನೂ ಹಾಕಿದೆ, ಮೂರು ಬೀಗ ಜಡಿದು. ಎರಡು ಬೇರೆ ಊರುಗಳಲ್ಲಿ ಎರಡು ನಕಲು ಇಡುವ ವ್ಯವಸ್ಥೆ ಆಗುವವರೆಗೆ ಒಂದೂ ಹೊಸ ಧ್ವನಿಮುದ್ರಣ ಇಲ್ಲ ಎಂದು ನಿಯಮ ಮಾಡಿದೆ. ಸ್ವಯಂಸೇವಕರ ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ನನ್ನ ಕಸುಬಿನವರು ಯಾರನ್ನು ಕೇಳಿದರೂ ಸರಿಯಾದ ನಿಯಮವೆಂದೇ ಹೇಳುತ್ತಾರೆ. ಜನರ ಸ್ವರ ತೆಗೆದುಕೊಂಡು ಮತ್ತೊಮ್ಮೆ ಕಳೆಯುವ ಧೈರ್ಯ ನನಗಿರಲಿಲ್ಲ.

ವ್ಯವಸ್ಥೆಗೆ ಬೇಕಾದದ್ದು ಎರಡನೇ ಕಂತು. ಸರ್ವರ್ ಬಿದ್ದ ತಿಂಗಳ ರೇಖಾಚಿತ್ರದಲ್ಲಿ ಗೆರೆ ನೆಲ ಕಚ್ಚಿತ್ತಲ್ಲ, ಅದಕ್ಕೆ ಪ್ರತಿಷ್ಠಾನ ಕಂತನ್ನು ತಡೆಹಿಡಿಯಿತು. ವಿವರಣೆ ಕಳಿಸಿದೆವು. ಮತ್ತಷ್ಟು ವಿವರಣೆ ಕೇಳಿದರು. ಯಾವ ಗೆರೆಯನ್ನು ಉಳಿಸಲು ಪೂಜೆ ಬಿಟ್ಟಿದ್ದೆವೋ ಅದೇ ಗೆರೆ ನಮ್ಮನ್ನು ಕಾಯಿಸಿತು. ಸಂಚಾಲಕ ಗಲ್ಫಿನ ಗೆಳೆಯರಿಗೆ ಮತ್ತೆ ಫೋನು ಹಚ್ಚಿದ. ತಿಂಗಳುಗಳು ಉರುಳಿದವು.

ನಾನು ಕೋಣೆಗೆ ಹೋದಾಗಲೆಲ್ಲ ಯಜಮಾನರು ಗಲ್ಲಾದಿಂದಲೇ ಕೂಗುವರು. "ಎಂತ, ಯಾವಾಗ ಶುರು ಮಾಡುವ?"

"ಇಡ್ಲಿಕ್ಕೆ ಜಾಗ ಸರಿ ಆಗ್ಲಿ ಅಂಕಲ್."

ಒಮ್ಮೆ ಅವರು ನನ್ನ ಕೈಯಲ್ಲಿದ್ದ ಮೊಬೈಲು ತೋರಿಸಿ, "ಇದರಲ್ಲೇ ಹಿಡಿ. ನಿನ್ನೆ ಒಂದು ಗದ್ದೆಯ ಹೆಸರು ನೆನಪಾಯ್ತು, ಹೋದ ಸಲ ಹೇಳ್ಲಿಕ್ಕೆ ಬಿಟ್ಟುಹೋಗಿತ್ತು" ಎಂದರು.

"ಮೊಬೈಲಿನದ್ದು ನಮ್ಮ ಕೆಲಸಕ್ಕೆ ಆಗುವುದಿಲ್ಲ. ಸದ್ದುಗದ್ದಲ ಬರ್ತದೆ" ಎಂದೆ. ಹಿಂದೆ ಗ್ರೈಂಡರ್ ತಿರುಗುತ್ತಿತ್ತು. ಅವರು "ಹೌದು ಹೌದು" ಎಂದು ಗಿರಾಕಿಯ ಚಿಲ್ಲರೆ ಕೊಡಲು ತಿರುಗಿದರು. ಆ ಗದ್ದೆಯ ಹೆಸರೇನೆಂದು ನಾನು ಕೇಳಲೂ ಇಲ್ಲ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವರು ಗಲ್ಲಾದಲ್ಲೇ ಕುಸಿದರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಏನೋ ಹೇಳಹೊರಟರು, ಬಾಯಿಂದ ಬಂದದ್ದು ಒಂದೇ ಸದ್ದು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಪ್ರತಿಷ್ಠಾನದ ಕಂತು ಬಂದದ್ದು ಅದಾದ ಮೇಲೆ.

ಹೊಸ ಯಂತ್ರ ಬಂತು. ಎರಡು ಊರುಗಳಲ್ಲಿ ಎರಡು ನಕಲು, ಹೊಸ ಇಂಟರ್ನೆಟ್ ಲೈನು, ಯಾವುದಕ್ಕೂ ಈಗ ಕೊರತೆಯಿಲ್ಲ. ಹೋಟೆಲನ್ನು ಅವರ ಮಗಳು ನೋಡಿಕೊಳ್ಳತೊಡಗಿದಳು. ಮರುವರ್ಷ ನವರಾತ್ರಿಗೆ ಮುಂಚೆ ಅವಳು ನನ್ನನ್ನು ಕರೆದು ಕೂರಿಸಿದಳು.

"ಅಕ್ಕ, ಪಪ್ಪನ ಸ್ವರ ನಿಮ್ಮಲ್ಲಿ ಉಂಟಲ್ಲ? ಮಾತು ಕಲಿಸಲಿಕ್ಕೆ ಬರುವವರು ಹೇಳಿದ್ರು, ಅವರದ್ದೇ ಹಳೇ ಮಾತು ಕೇಳಿಸಿದ್ರೆ ಒಳ್ಳೇದಂತೆ. ಮೊಬೈಲಿನಲ್ಲಿ ಹುಡುಕಿದೆ. ಪಪ್ಪ ಫೋನಿನಲ್ಲಿ ಹ್ಞಾಂ, ಹ್ಞೂಂ, ಇಡು ಅಂತ ಹೇಳಿದ್ದಷ್ಟೇ."

ಧ್ವನಿಮುದ್ರಣ ಕಳೆದುಹೋದದ್ದನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ. ನನ್ನ ಮರ್ಯಾದೆ ಕಾಯಲು ಹೇಳಿರಲಿಲ್ಲ ಎಂದೇ ನನ್ನ ನಂಬಿಕೆ. ನಾನು ಅವಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಒಂದು ಚೂರೂ ಇಲ್ಲವಾ?" ಎಂದು ಮಾತ್ರ ಕೇಳಿದಳು.

ಚೂರು ಎಂದಾಗ ನೆನಪಾಯಿತು. ನಮ್ಮ ಜಾಲತಾಣದಲ್ಲಿ ಪ್ರತಿ ಧ್ವನಿಮುದ್ರಣದ ಪಕ್ಕ ಮಾದರಿಗೆಂದು ಅದರ ಆರಂಭದ ಕೆಲವೇ ಕ್ಷಣ ಕೇಳಿಸುವ ಗುಂಡಿಯಿತ್ತು. ಆ ಪುಟ್ಟ ತುಣುಕುಗಳನ್ನು ಯಂತ್ರವೇ ಕತ್ತರಿಸಿ ಇಡುತ್ತಿತ್ತು. ಅವು ಜಾಲತಾಣದ ಭಾಗ, ದಿನವೂ ಬೇರೆ ಊರಿಗೆ ಹೋಗುತ್ತಿದ್ದವು. ಹುಡುಕಿದೆ. ಯಜಮಾನರ ಅಷ್ಟೂ ಧ್ವನಿಮುದ್ರಣಗಳ ಆರಂಭಗಳು ಅಲ್ಲಿದ್ದವು. ಸಂತೋಷದಿಂದ ಎಲ್ಲವನ್ನೂ ಮೊಬೈಲಿಗೆ ಇಳಿಸಿಕೊಂಡೆ. ಮೊದಲನೆಯದನ್ನು ಕೇಳಿದೆ, ಎರಡನೆಯದನ್ನು ಕೇಳಿದೆ. ಮೂರನೆಯದಕ್ಕೆ ಹೋಗುವಾಗ ಏನು ಉಳಿದಿದೆಯೆಂದು ಅರ್ಥವಾಯಿತು.

ಆಯುಧಪೂಜೆಯ ದಿನ ಹೊಸ ಸರ್ವರನ್ನು ನಾನೇ ಆರಿಸಿದೆ. ಕಾರಣದ ಜಾಗದಲ್ಲಿ ಆಯುಧಪೂಜೆ ಎಂದೇ ಬರೆದೆ. ಯಾರೂ ನಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಯಜಮಾನರನ್ನು ಗಾಲಿಕುರ್ಚಿಯಲ್ಲಿ ಕೋಣೆಯ ಬಾಗಿಲಿಗೆ ತಂದಿದ್ದರು. ಕಟ್ಟಡದಲ್ಲಿ ಗ್ರೈಂಡರ್ ಇಲ್ಲ, ಎಕ್ಸಾಸ್ಟ್ ಫ್ಯಾನು ಇಲ್ಲ, ಏಸಿ ಇಲ್ಲ. ಅಷ್ಟು ನಿಶ್ಶಬ್ದವನ್ನು ನಾನು ಆ ಹೋಟೆಲಿನಲ್ಲಿ ಮರೆತೇಬಿಟ್ಟಿದ್ದೆ. ಅರ್ಚಕರು ಮುಚ್ಚಳಕ್ಕೆ ಕುಂಕುಮ ಇಟ್ಟು ಹೋದ ಮೇಲೆ ಮಗಳು ನನ್ನ ಕಡೆ ನೋಡಿದಳು. ನಾನು ಅವರ ಎದುರು ಮಂಡಿಯೂರಿ ಕೂತು ಮೊಬೈಲಿನ ಗುಂಡಿ ಒತ್ತಿದೆ.

"ಕೇನುಂಡಾ? ಸುರು ಮಲ್ಪೊಡಾ?"

ತುಂಬಿದ, ಸ್ವಲ್ಪ ಒಡಕು ಇರುವ, ಅವರದ್ದೇ ಸ್ವರ. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ತುಣುಕು ಅಲ್ಲಿಗೆ ಮುಗಿದು ಮುಂದಿನದು ಬಂತು. "ಕೇನುಂಡಾ? ಸುರು ಮಲ್ಪೊಡಾ?" ಅದರ ಮುಂದಿನದು. ಅದೂ ಅದೇ. ಒಂದರಲ್ಲಿ ಕೆಮ್ಮು, ಒಂದರಲ್ಲಿ ನಗೆ, ಒಂದರಲ್ಲಿ ದೂರದಿಂದ ನಾನು "ಅಂಕಲ್, ಕೇಳುವುದು ಬೇಡ ಅಂತ ಹೇಳಿದ್ದೆ" ಎಂದು ಗದರುವುದು.

ಯಜಮಾನರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಆಮೇಲೆ ತೊಡೆಯ ಮೇಲಿದ್ದ ಎಡಗೈಯನ್ನು ನಿಧಾನವಾಗಿ ಮೇಲಕ್ಕೆತ್ತಿದರು. ಬೆರಳುಗಳನ್ನು ಕಷ್ಟಪಟ್ಟು ಮಡಚಿದರು, ಹೆಬ್ಬೆರಳನ್ನು ನಿಲ್ಲಿಸಿ ಮೊಬೈಲಿಗೆ ತೋರಿಸಿದರು. ಹಾಗೆಯೇ ಹಿಡಿದುಕೊಂಡು ಕಾದರು.